ವಾಹನಗೃಹದಲ್ಲಿ ದೂರದರ್ಶನ: ಸಂಕೇತಗ್ರಹಣ, ತಂತಿಜೋಡಣೆ ಮತ್ತು ದೋಷಶೋಧನೆ

ಪ್ರಯಾಣಕ್ಕೂ ವಾಸಕ್ಕೂ ಒಂದೇ ಕಾಲದಲ್ಲಿ ಒದಗುವಂತೆ, ಮಲಗುವ ಮಂಚ, ಅಡುಗೆಯ ಒಲೆ, ನೀರಿನ ತೊಟ್ಟಿ, ವಿದ್ಯುದ್ದೀಪ ಮೊದಲಾದ ಅನುಕೂಲಗಳೊಡನೆ ಸಜ್ಜುಗೊಳಿಸಿದ ಮೋಟಾರು ವಾಹನಕ್ಕೆ ವಾಹನಗೃಹವೆಂದು ಹೆಸರು. ರೂಢಿಯಲ್ಲಿ ಇದನ್ನು ಕ್ಯಾರವಾನ್ ಎನ್ನುವುದುಂಟು. ಪಾಶ್ಚಾತ್ಯ ದೇಶಗಳ ಹೆದ್ದಾರಿಗಳಲ್ಲಿ ಸಾಮಾನ್ಯವಾಗಿರುವ ಈ ಬಗೆಯ ವಾಹನ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ರಸ್ತೆಗಳಲ್ಲಿ ಕಾಣುವುದು ಅಪರೂಪ. ಆದರೆ ಅದರ ಕಾರ್ಯವನ್ನೇ ನಿರ್ವಹಿಸುವ ವಾಹನಗಳಿಗೆ ಇಲ್ಲಿ ಕೊರತೆಯಿಲ್ಲ. ತೀರ್ಥಯಾತ್ರೆಗೆ ಹೊರಟ ಕುಟುಂಬದ ಟೆಂಪೋ ಟ್ರಾವೆಲರ್ (ಟಿಟಿ), ಹತ್ತಾರು ದಿನ ಊರು ಬಿಟ್ಟಿರುವ ಲಾರಿ ಚಾಲಕನ ಕ್ಯಾಬಿನ್ನು, ಅಡುಗೆಯ ಪಾತ್ರೆಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಸಾಗುವ ಟೂರಿಸ್ಟ್ ಬಸ್ಸು, ಜಾತ್ರೆಯ ಬಯಲಿನಲ್ಲಿ ತಾಡಪಾಲು ಇಳಿಬಿಟ್ಟು ಮೂರು ದಿನ ಮನೆಯಾಗಿ ನಿಲ್ಲುವ ಲಾರಿ, ಇವೆಲ್ಲವೂ ತತ್ತ್ವತಃ ವಾಹನಗೃಹಗಳೇ. ಇವುಗಳಲ್ಲಿ ದೂರದರ್ಶನದ ಪೆಟ್ಟಿಗೆ ಸರಿಯಾಗಿ ನಡೆಯಲು ಬೇಕಾದ ವ್ಯವಸ್ಥೆಯನ್ನೂ, ಅದು ಕೆಟ್ಟಾಗ ದೋಷದ ಮೂಲವನ್ನು ಹುಡುಕುವ ಕ್ರಮವನ್ನೂ ಈ ಲೇಖನ ನಿರೂಪಿಸುತ್ತದೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರ ಸಮುದಾಯದ ಆರಾಧ್ಯಪುರುಷ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿವರ್ಷ ಫೆಬ್ರವರಿಯ ಮಧ್ಯಭಾಗದಲ್ಲಿ ಅಲ್ಲಿ ನಡೆಯುವ ಜಾತ್ರೆಗೆ ಕರ್ನಾಟಕದ ಎಲ್ಲೆಡೆಯಿಂದಲೂ ನೆರೆಯ ರಾಜ್ಯಗಳಿಂದಲೂ ಭಕ್ತರು ವಾಹನಗಳಲ್ಲಿ ಬಂದು, ಬಯಲಿನಲ್ಲಿ ಬಿಡಾರ ಹೂಡುತ್ತಾರೆ. ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ದೇಶವನ್ನೇ ಸಂಚರಿಸುತ್ತಿದ್ದ ಸಮುದಾಯವೊಂದು ಇಂದು ಗಾಲಿಗಳ ಮೇಲಿನ ಬಿಡಾರದಲ್ಲಿ ತನ್ನ ಗುರುವಿನ ನೆಲಕ್ಕೆ ಮರಳುವ ಈ ಸಂದರ್ಭ, ಸಂಚಾರಿವಾಸವೆಂಬುದು ನಮ್ಮ ನಾಡಿಗೆ ಹೊರಗಿನಿಂದ ಬಂದ ವಿಲಾಸವೆಂಬ ಭಾವನೆಯನ್ನು ಸುಳ್ಳುಮಾಡುತ್ತದೆ.

ಕನ್ನಡನಾಡಿನ ಹಳ್ಳಿಗಳಿಗೆ ದೂರದರ್ಶನ ಮೊದಲು ಬಂದುದು ಉಪಗ್ರಹದ ಮೂಲಕವೇ ಎಂಬುದು ಗಮನಾರ್ಹ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಸೈಟ್ ಎಂಬ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ನೇರವಾಗಿ ಚಿತ್ರಗಳನ್ನು ಪಡೆದವು. ಕರ್ನಾಟಕದಲ್ಲಿ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳಿಗೆ ಈ ಭಾಗ್ಯ ದೊರೆಯಿತು. ಕೋಳಿಗೂಡಿನ ಜಾಲರಿಯಿಂದ ನಿರ್ಮಿಸಿದ ಮೂರು ಮೀಟರು ಅಗಲದ ತಟ್ಟೆಗಳು ಅಂದಿನ ಗ್ರಹಣಸಾಧನಗಳು. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು. ಆ ದಶಕದಲ್ಲಿ ಭೂಪ್ರಸಾರದ ಗೋಪುರಗಳು ದೇಶದಾದ್ಯಂತ ಎದ್ದಂತೆ, ಮನೆಗಳ ಮಾಳಿಗೆಯ ಮೇಲೆ ಅಲ್ಯೂಮಿನಿಯಂ ಕೊಳವೆಗಳ ಆಂಟೆನಾಗಳು ತಲೆಯೆತ್ತಿದವು. ಜಪಾನಿನ ಯಾಗಿ, ಉದಾ ಎಂಬ ವಿಜ್ಞಾನಿಗಳು 1926ರಲ್ಲಿ ರೂಪಿಸಿದ ಸಾಧನವದು. 1987ರ ಜನವರಿಯಿಂದ ಭಾನುವಾರದ ಬೆಳಗು ರಾಮಾಯಣ ಧಾರಾವಾಹಿಯ ಬೆಳಗಾದಾಗ, ಕರೆಂಟು ಇಲ್ಲದ ಊರುಗಳಲ್ಲಿ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಕಪ್ಪುಬಿಳುಪಿನ ಪೆಟ್ಟಿಗೆಯನ್ನು ನಡೆಸಿದ್ದುಂಟು. ವಾಹನದ ಬ್ಯಾಟರಿಗೂ ದೂರದರ್ಶನಕ್ಕೂ ನಮ್ಮಲ್ಲಿ ನಂಟು ಬೆಳೆದದ್ದು ಹೀಗೆ. ಅದನ್ನು ವಾಹನದೊಳಕ್ಕೇ ತಂದವು ಮುಂದೆ ರಾತ್ರಿ ಪ್ರಯಾಣದ ‘ವಿಡಿಯೋ ಕೋಚ್’ ಬಸ್ಸುಗಳು.

ಭೂಪ್ರಸಾರದ ಬಹುಪಾಲು ಗೋಪುರಗಳು ಈಗ ಮೌನವಾಗಿವೆ. ಆದುದರಿಂದ ಈ ನಾಲ್ಕು ತಾಲ್ಲೂಕುಗಳಲ್ಲಿ ವಾಹನದ ಮೇಲೆ ಹಳೆಯ ಕೊಳವೆ ಆಂಟೆನಾವನ್ನು ನಿಲ್ಲಿಸಿ ಬೂಸ್ಟರು ಜೋಡಿಸುವ ಶ್ರಮ ವ್ಯರ್ಥ. ಉಳಿದಿರುವ ಮಾರ್ಗಗಳು ಎರಡು: ಮೊಬೈಲ್ ಜಾಲದ ಮೂಲಕ ಬರುವ ಚಿತ್ರ, ಮತ್ತು ಉಪಗ್ರಹದಿಂದ ಚಿತ್ರ ಪಡೆಯುವ ಡಿಶ್. ಮೊದಲನೆಯದು ಪೇಟೆಯ ಸಮೀಪದಲ್ಲಿ ಚೆನ್ನಾಗಿ ನಡೆದು, ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದಂಥ ಕಡೆಗಳಲ್ಲಿ ಕ್ಷೀಣಿಸಬಹುದು. ಎರಡನೆಯದಕ್ಕೆ ಊರು, ಕಾಡು ಎಂಬ ಭೇದವಿಲ್ಲ. ಆಕಾಶ ಕಂಡರೆ ಸಾಕು. 2004ರ ಡಿಸೆಂಬರಿನಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಶ್ ಸೇವೆ ತಿಂಗಳ ಬಾಡಿಗೆಯಿಲ್ಲದೆ ಚಂದನ ವಾಹಿನಿಯನ್ನು ಒದಗಿಸುವುದರಿಂದ, ವರ್ಷದಲ್ಲಿ ಕೆಲವೇ ವಾರ ಬಳಕೆಗೆ ಬರುವ ವಾಹನಕ್ಕೆ ಅದೇ ಉಚಿತವೂ ಹೌದು, ಉಚಿತವಾದ ಆಯ್ಕೆಯೂ ಹೌದು.

ದೂರದರ್ಶನ ಪ್ರಸಾರದ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರು ಎತ್ತರದಲ್ಲಿ ಭೂಮಿಯೊಡನೆ ಸಮಗತಿಯಿಂದ ತಿರುಗುತ್ತಾ, ನಮ್ಮ ಕಣ್ಣಿಗೆ ಒಂದೇ ಬಿಂದುವಿನಲ್ಲಿ ನಿಂತಂತಿರುತ್ತವೆ. ಭಾರತದ ಈ ಬಗೆಯ ಉಪಗ್ರಹಗಳನ್ನು ತಮ್ಮ ನೆಲೆಯಿಂದ ಜಾರದಂತೆ ಕಾಯುವ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲಿಯೇ ಇದೆ. ಉಚಿತ ಡಿಶ್ ಸೇವೆಯ ಜಿಸ್ಯಾಟ್-15 ಉಪಗ್ರಹದ ಸ್ಥಾನ 93.5 ಡಿಗ್ರಿ ಪೂರ್ವರೇಖಾಂಶ. ಪ್ರಸ್ತುತ ನಾಲ್ಕು ತಾಲ್ಲೂಕುಗಳಿಂದ ನೋಡಿದರೆ ಅದು ಉತ್ತರದಿಂದ ಪ್ರದಕ್ಷಿಣವಾಗಿ ಸುಮಾರು 127ರಿಂದ 129 ಡಿಗ್ರಿ ದಿಕ್ಕಿನಲ್ಲಿ, ಅಂದರೆ ಆಗ್ನೇಯದಿಂದ ಪೂರ್ವಕ್ಕೆ ಕೊಂಚ ವಾಲಿ, ಕ್ಷಿತಿಜದಿಂದ 63–64 ಡಿಗ್ರಿ ಎತ್ತರದಲ್ಲಿದೆ. ನ್ಯಾಮತಿಗೂ ಜಗಳೂರಿಗೂ ಇರುವ ಅಂತರ ಎರಡು ಡಿಗ್ರಿಯನ್ನು ಮೀರದು. ಆದರೆ ಅರವತ್ತು ಸೆಂಟಿಮೀಟರಿನ ತಟ್ಟೆಯ ದೃಷ್ಟಿ ಒಟ್ಟು ಮೂರು ಡಿಗ್ರಿಯಷ್ಟೇ ಅಗಲವಾದುದರಿಂದ, ಹಿಂದಿನ ಊರಿನಲ್ಲಿ ಕೂರಿಸಿದ್ದ ಕೋನವನ್ನು ಹೊಸ ಊರಿನಲ್ಲಿ ಮತ್ತೆ ನೋಡಿಕೊಳ್ಳಲೇಬೇಕು. ಖಾಸಗಿ ಸಂಸ್ಥೆಗಳ ಉಪಗ್ರಹಗಳು ಬೇರೆ ಬೇರೆ ನೆಲೆಯಲ್ಲಿವೆ: 83 ಡಿಗ್ರಿಯದು ಇಲ್ಲಿ 71 ಡಿಗ್ರಿಯಷ್ಟು ಎತ್ತರಕ್ಕಿದ್ದರೆ, 108.2 ಡಿಗ್ರಿಯದು 49 ಡಿಗ್ರಿಗೆ ಇಳಿದು ಪೂರ್ವದ ಕಡೆಗೆ ಸರಿದಿರುತ್ತದೆ. ಪಕ್ಕದ ಮನೆಯ ಡಿಶ್ ನೋಡಿ ತಮ್ಮದನ್ನು ತಿರುಗಿಸುವವರು, ಆ ಮನೆಯ ಸಂಪರ್ಕ ಯಾವ ಸಂಸ್ಥೆಯದೆಂದು ಮೊದಲು ಕೇಳಿ ತಿಳಿಯುವುದು ಒಳಿತು.

ದಿಕ್ಕು ಹಿಡಿಯುವಲ್ಲಿ ವಾಹನಕ್ಕೇ ವಿಶಿಷ್ಟವಾದ ಎರಡು ತೊಡಕುಗಳುಂಟು. ವಾಹನದ ಉಕ್ಕಿನ ಮೈ ದಿಕ್ಸೂಚಿಯ ಮುಳ್ಳನ್ನು ಎಳೆಯುತ್ತದೆ. ಮೊಬೈಲಿನ ದಿಕ್ಸೂಚಿಗೂ ಇದೇ ಗತಿ. ಹತ್ತು ಹೆಜ್ಜೆ ದೂರ ನಡೆದು, ದಿಗಂತದಲ್ಲಿ ಒಂದು ಮರವನ್ನೋ ಗುಡಿಯ ಶಿಖರವನ್ನೋ ಗುರುತಿಟ್ಟುಕೊಂಡು ಬಂದು, ಆ ಗುರುತಿಗೆ ಡಿಶ್ಶನ್ನು ತಿರುಗಿಸಬೇಕು. ಎರಡನೆಯದು ನೆಲದ ಇಳಿಜಾರು. ಚನ್ನಗಿರಿಯ ಗುಡ್ಡದ ಬುಡದಲ್ಲಿ ನಿಂತ ವಾಹನ ಮೂರು ಡಿಗ್ರಿ ವಾಲಿದ್ದರೆ, ಮೇಲ್ಛಾವಣಿಯ ಡಿಶ್ಶೂ ಮೂರು ಡಿಗ್ರಿ ವಾಲಿ ಉಪಗ್ರಹವನ್ನು ಕಳೆದುಕೊಳ್ಳುತ್ತದೆ. ಛಾವಣಿಗೆ ಬಿಗಿಯುವುದಕ್ಕಿಂತ, ನೆಲದ ಮೇಲೆ ನೆಟ್ಟಗೆ ನಿಲ್ಲುವ ಮುಕ್ಕಾಲಿಗೆ ಕಲ್ಲು ಹೇರಿ ಡಿಶ್ ಕೂರಿಸುವುದೇ ಲೇಸೆಂಬುದು ಈ ಲೇಖಕನ ಅಭಿಪ್ರಾಯ. ಒಳಗೆ ಜನ ನಡೆದಾಡಿದಾಗ ವಾಹನ ತೂಗಿ ಚಿತ್ರ ಕದಡುವ ಬಾಧೆಯೂ ಆಗ ತಪ್ಪುತ್ತದೆ. ಚಲಿಸುತ್ತಿರುವಾಗಲೂ ಉಪಗ್ರಹವನ್ನು ಹಿಂಬಾಲಿಸುವ ಸ್ವಯಂಚಾಲಿತ ಆಂಟೆನಾಗಳಿವೆಯಾದರೂ ಅವುಗಳ ಬೆಲೆ ಸಾಮಾನ್ಯ ಪ್ರಯಾಣಿಕನಿಗೆ ನಿಲುಕುವಂಥದಲ್ಲ.

ಭೂಪ್ರಸಾರದ ಕಾಲದಲ್ಲಿ ಒಬ್ಬ ಮಾಳಿಗೆಯ ಮೇಲೆ ನಿಂತು ‘ಬಂತೇನೋ?’ ಎಂದು ಕೂಗುವುದು, ಒಳಗಿನಿಂದ ಮತ್ತೊಬ್ಬ ‘ಇಲ್ಲ, ಇನ್ನೊಂಚೂರು ತಿರುಗ್ಸು’ ಎನ್ನುವುದು ಪ್ರತಿಮನೆಯ ದೃಶ್ಯವಾಗಿತ್ತು. ಆ ಪದ್ಧತಿ ಇಂದೂ ಉಪಯುಕ್ತವೇ, ಆದರೆ ಅದರ ಲಯ ಬದಲಾಗಬೇಕು. ಹಿಂದೆ ಚಿತ್ರ ಕ್ರಮೇಣ ಮಸುಕಿನಿಂದ ಸ್ಪಷ್ಟತೆಗೆ ಬರುತ್ತಿತ್ತು. ಈಗಿನ ಅಂಕೀಯ ಸಂಕೇತ ಸಂಪೂರ್ಣವಾಗಿ ಬರುತ್ತದೆ, ಇಲ್ಲವೇ ಚೌಕಚೌಕವಾಗಿ ಒಡೆದು ಮಾಯವಾಗುತ್ತದೆ, ಮತ್ತು ಸೆಟ್‌ಟಾಪ್ ಬಾಕ್ಸು ಅದನ್ನು ಗುರುತಿಸಲು ಕೆಲವು ಕ್ಷಣಗಳನ್ನು ತೆಗೆದುಕೊಳ್ಳುತ್ತದೆ. ಬೆರಳಗಲ ತಿರುಗಿಸಿ, ಐದರವರೆಗೆ ಎಣಿಸಿ, ಬಳಿಕ ಮುಂದಿನ ಬೆರಳಗಲಕ್ಕೆ ಹೋಗತಕ್ಕದ್ದು. ನೋಡಬೇಕಾದುದು ಬಾಕ್ಸಿನ ಮೆನುವಿನಲ್ಲಿ ಕಾಣುವ ಎರಡು ಪಟ್ಟಿಗಳ ಪೈಕಿ ಸಂಕೇತದ ಗುಣಮಟ್ಟ ತೋರಿಸುವ ಪಟ್ಟಿಯನ್ನು. ಬಲವನ್ನು ತೋರಿಸುವ ಪಟ್ಟಿ ಉಪಗ್ರಹದ ಕಡೆಗೆ ತಿರುಗದ ಡಿಶ್ಶಿನಲ್ಲಿಯೂ ಅರ್ಧ ತುಂಬಿರುವುದುಂಟು. ಇನ್ನೊಂದು ವಿಚಾರ: ನಮ್ಮಲ್ಲಿ ಬಳಕೆಯಲ್ಲಿರುವ ತಟ್ಟೆಗಳು ಓರೆನೋಟದವು, ತಾವು ನೋಡುತ್ತಿರುವುದಕ್ಕಿಂತ ಇಪ್ಪತ್ತು ಡಿಗ್ರಿಗೂ ಮಿಕ್ಕು ಕೆಳಗೆ ಮುಖಮಾಡಿದಂತೆ ಅವು ತೋರುತ್ತವೆ. ತಟ್ಟೆ ಆಕಾಶವನ್ನು ನೋಡುತ್ತಿಲ್ಲವೆಂದು ಭ್ರಮಿಸಿ ಅದನ್ನು ಮೇಲಕ್ಕೆತ್ತಿ ಕೆಡಿಸಿದವರು ಅನೇಕರು.

ಚನ್ನಗಿರಿಯ ಸೀಮೆ ಅಡಕೆಯ ಸೀಮೆ. ಸೂಳೆಕೆರೆಯೆಂದು ಪ್ರಸಿದ್ಧವಾದ ಶಾಂತಿಸಾಗರದ ನೀರೂ ಭದ್ರಾ ನಾಲೆಯ ನೀರೂ ಉಣಿಸಿದ ತೋಟಗಳ ಪಕ್ಕದಲ್ಲಿ ನೆರಳನ್ನು ಬಯಸಿ ವಾಹನ ನಿಲ್ಲಿಸುವುದು ಸಹಜ. ಆದರೆ ಒದ್ದೆಯಾದ ಸೋಗೆ ಉಪಗ್ರಹದ ಸಂಕೇತವನ್ನು ಹೀರಿಬಿಡುತ್ತದೆ. ಹದಿನೈದು ಮೀಟರು ಎತ್ತರದ ಮರಸಾಲು ಆಗ್ನೇಯಕ್ಕಿದ್ದರೆ, 64 ಡಿಗ್ರಿ ಎತ್ತರದ ಉಪಗ್ರಹಕ್ಕೆ ಮರದ ಬುಡದಿಂದ ಎಂಟು ಮೀಟರು ಸರಿದು ನಿಂತರೆ ಸಾಕು. 49 ಡಿಗ್ರಿಯ ಉಪಗ್ರಹಕ್ಕೆ ಹದಿಮೂರು ಮೀಟರಿಗೂ ಹೆಚ್ಚು ಬೇಕು. ಮರ ಅಡ್ಡವಿದೆಯೋ ಇಲ್ಲವೋ ಎಂಬುದನ್ನು ಸೂರ್ಯನೇ ಹೇಳುವ ದಿನಗಳೂ ಉಂಟು. ಮಾರ್ಚಿನ ಮಧ್ಯದಲ್ಲಿಯೂ ಸೆಪ್ಟೆಂಬರಿನ ಕೊನೆಯ ಸುಮಾರಿನಲ್ಲಿಯೂ, ಬೆಳಗಿನ ಹನ್ನೊಂದು ಗಂಟೆಯ ಆಸುಪಾಸಿನಲ್ಲಿ, ಈ ಸೀಮೆಯಿಂದ ನೋಡುವವರಿಗೆ ಸೂರ್ಯ ಜಿಸ್ಯಾಟ್-15ರ ಹಿಂದೆಯೇ ಹಾದುಹೋಗುತ್ತಾನೆ. ಆ ಹೊತ್ತಿನಲ್ಲಿ ಡಿಶ್ಶಿನ ಮೇಲೆ ಮರದ ನೆರಳು ಬಿದ್ದರೆ ಆ ಮರವೇ ಅಡ್ಡಿ. ಅದೇ ದಿನಗಳಲ್ಲಿ ಕೆಲವು ನಿಮಿಷ ಚಿತ್ರ ತಾನಾಗಿ ಮಾಯವಾಗುವುದೂ ಉಂಟು. ಅದು ಸೂರ್ಯನ ವಿಕಿರಣದಿಂದಾದ ಅಡಚಣೆಯೇ ಹೊರತು ಯಂತ್ರದ ದೋಷವಲ್ಲವಾದ್ದರಿಂದ, ಸ್ಕ್ರೂಡ್ರೈವರ್ ಹಿಡಿಯದೆ ಕಾಯುವುದೇ ಚಿಕಿತ್ಸೆ. ದಟ್ಟ ಮಳೆಯಲ್ಲಿ ಆಗುವ ಲೋಪಕ್ಕೂ ಇದೇ ಮಾತು ಸಲ್ಲುತ್ತದೆ.

ಆದರೆ ಇಷ್ಟು ಹೇಳಿದ ಮೇಲೆ ಒತ್ತಿ ಹೇಳಬೇಕಾದುದು, ವಾಹನದ ದೂರದರ್ಶನ ಕೆಟ್ಟಾಗ ಆಕಾಶವನ್ನು ಶಂಕಿಸುವುದಕ್ಕಿಂತ ಮೊದಲು ವಾಹನದ ಒಳಗನ್ನು ಪರೀಕ್ಷಿಸಬೇಕೆಂಬುದು. ಮನೆಯ ಗೋಡೆ ಅಲುಗದು. ವಾಹನ ಪ್ರತಿದಿನ ನಡುಗುತ್ತದೆ. ಆ ನಡುಕಕ್ಕೆ ಮೊದಲು ಸೋಲುವುವು ಸಂಧಿಗಳು: ಪಿನ್ನು, ತಿರುಪು, ಬೆಸುಗೆ, ಟೇಪು ಸುತ್ತಿದ ಗಂಟು. ಎರಡು ವೈರುಗಳ ತುದಿ ಹೆರೆದು, ಹೊಸೆದು, ಟೇಪು ಸುತ್ತುವ ರೂಢಿ ಮನೆಯಲ್ಲಿಯೇ ದೋಷಪೂರ್ಣ. ವಾಹನದಲ್ಲಿ ಅದು ಅಪಾಯಕಾರಿ. ಲೋಹದ ತೋಳಿನಲ್ಲಿ ತುದಿಗಳನ್ನು ಅದುಮಿ ಹಿಡಿದು, ಸಂಧಿಯ ಎರಡೂ ಬದಿ ವೈರನ್ನು ಮೈಗೆ ಬಿಗಿದಾಗಲೇ ಅದು ಬಾಳುವುದು.

ವಿದ್ಯುತ್ತಿನ ವಿಷಯ ಹೆಚ್ಚು ವಿವರಣೆಯನ್ನು ಬೇಡುತ್ತದೆ. ಟಿಟಿ, ಕಾರು ಮೊದಲಾದ ಸಣ್ಣ ವಾಹನಗಳಲ್ಲಿ 12 ವೋಲ್ಟಿನ, ಬಸ್ಸು ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟಿನ ವ್ಯವಸ್ಥೆಯಿರುತ್ತದೆ. ಪೂರ್ಣ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ, ಅರ್ಧಕ್ಕಿಳಿದಾಗ 12.2, ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರು ಅದನ್ನು 14ರ ಮೇಲಕ್ಕೆ ಏರಿಸುತ್ತದೆ. ಇಪ್ಪತ್ತನಾಲ್ಕು ಇಂಚಿನ ಎಲ್‌ಇಡಿ ಪೆಟ್ಟಿಗೆಯೂ ಸೆಟ್‌ಟಾಪ್ ಬಾಕ್ಸೂ ಕೂಡಿ ನಲವತ್ತೆಂಟು ವಾಟ್ ಬಳಸುತ್ತವೆಯೆನ್ನೋಣ. 12 ವೋಲ್ಟಿನಲ್ಲಿ ಅದು 4 ಆಂಪಿಯರ್. ಬ್ಯಾಟರಿಯಿಂದ ಪೆಟ್ಟಿಗೆಗೆ ಐದು ಮೀಟರು ದೂರವಿದ್ದರೆ, ಹೋಗಿ ಬರುವ ವೈರು ಹತ್ತು ಮೀಟರು. ಒಂದು ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಈ ದಾರಿಯಲ್ಲಿಯೇ 0.7 ವೋಲ್ಟ್ ಕರಗಿಹೋಗಿ, ಅರ್ಧ ತುಂಬಿದ ಬ್ಯಾಟರಿಯ 12.2 ವೋಲ್ಟ್ ಪೆಟ್ಟಿಗೆಯನ್ನು ಮುಟ್ಟುವಾಗ 11.5 ಆಗಿರುತ್ತದೆ, ಎರಡೂವರೆ ಚದರ ಮಿಲಿಮೀಟರಿನ ವೈರಿನಲ್ಲಿ ನಷ್ಟ 0.3 ವೋಲ್ಟಿಗಿಂತ ಕಡಿಮೆ. ಸಂಜೆ ಚೆನ್ನಾಗಿದ್ದ ಚಿತ್ರ ರಾತ್ರಿ ಹತ್ತರ ಹೊತ್ತಿಗೆ ತಾನಾಗಿ ಆರಿ ಹತ್ತುವುದಕ್ಕೆ ಕಾರಣ ಬಹುತೇಕ ಇಲ್ಲಿಯೇ ಸಿಗುತ್ತದೆ. ಮಲ್ಟಿಮೀಟರನ್ನು ಬ್ಯಾಟರಿಯ ತುದಿಗೂ ಪೆಟ್ಟಿಗೆಯ ತುದಿಗೂ, ಪೆಟ್ಟಿಗೆ ಓಡುತ್ತಿರುವಾಗಲೇ, ಹಿಡಿದು ಎರಡು ಅಂಕಿಗಳ ಅಂತರವನ್ನು ನೋಡಬೇಕು. ಪೆಟ್ಟಿಗೆ ಆರಿಸಿ ಅಳೆದರೆ ಪ್ರವಾಹವೇ ಇರದು, ನಷ್ಟವೂ ಕಾಣದು.

ವಾಹನದ ಮೈಯನ್ನೇ ಮರಳುದಾರಿಯಾಗಿ ಬಳಸುವ ಪದ್ಧತಿಯಲ್ಲಿ, ತುಕ್ಕು ಹಿಡಿದ ತಿರುಪಿನ ಬುಡದಲ್ಲಿ ಅರ್ಥಿಂಗ್ ಕೆಟ್ಟು ಇದೇ ಫಲ ಉಂಟಾಗುತ್ತದೆ. ತುಂಗಭದ್ರೆಯ ದಡದ ಹೊನ್ನಾಳಿ, ಗದ್ದೆಬಯಲಿನ ನ್ಯಾಮತಿಯ ಕಡೆಗಳಲ್ಲಿ ಮಳೆಗಾಲವಿಡೀ ನಿಂತ ವಾಹನಗಳಲ್ಲಿ ಈ ತುಕ್ಕನ್ನು ಮೊದಲು ಹುಡುಕಬೇಕು. ಬಣ್ಣ ಕೆರೆದು, ಹೊಳೆಯುವ ಲೋಹದ ಮೇಲೆ ತಿರುಪು ಬಿಗಿದು, ಗ್ರೀಸು ಹಚ್ಚಿದರೆ ಕೆಲಸ ಮುಗಿಯಿತು. 24 ವೋಲ್ಟಿನ ವಾಹನಗಳಲ್ಲಿ ಎರಡು ಬ್ಯಾಟರಿಗಳ ನಡುವಿನಿಂದ 12 ವೋಲ್ಟ್ ಎಳೆದುಕೊಳ್ಳುವ ಸುಲಭೋಪಾಯವೊಂದು ಪ್ರಚಾರದಲ್ಲಿದೆ. ಇದು ಸರ್ವಥಾ ತ್ಯಾಜ್ಯ. ಒಂದು ಬ್ಯಾಟರಿ ಬರಿದಾಗುತ್ತಾ ಮತ್ತೊಂದು ಅತಿಯಾಗಿ ತುಂಬುತ್ತಾ ಎರಡೂ ಅಕಾಲದಲ್ಲಿ ಸಾಯುತ್ತವೆ. 24ನ್ನು 12ಕ್ಕೆ ಇಳಿಸುವ ಪರಿವರ್ತಕವನ್ನು ಹಾಕಿಸುವುದೇ ಯೋಗ್ಯಮಾರ್ಗ. ಪ್ರತಿಯೊಂದು ಕವಲಿಗೂ ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸು ಇರಬೇಕು. ಪೆಟ್ಟಿಗೆಯ ಪಕ್ಕದಲ್ಲಿರುವ ಫ್ಯೂಸು ದಾರಿಯ ನಡುವೆ ವೈರು ಉಜ್ಜಿ ಬೆಂಕಿಯೆದ್ದಾಗ ಕಾಪಾಡದು.

ಡಿಶ್ಶಿನಿಂದ ಬಾಕ್ಸಿಗೆ ಬರುವ ಕೇಬಲ್ ಎರಡು ಕಾರ್ಯಗಳನ್ನು ಒಟ್ಟಿಗೆ ಮಾಡುತ್ತದೆ. ಉಪಗ್ರಹದ ಸಂಕೇತವನ್ನು ಕೆಳಗೆ ತರುತ್ತದೆ. ತಟ್ಟೆಯ ಮುಂದೆ ಕೂತು ಸಂಕೇತವನ್ನು ಹಿಡಿಯುವ ಎಲ್‌ಎನ್‌ಬಿಗೆ ಬೇಕಾದ ವಿದ್ಯುತ್ತನ್ನು ಮೇಲಕ್ಕೆ ಒಯ್ಯುತ್ತದೆ. ಬಾಕ್ಸು 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ಲಂಬವಾಗಿ ಕಂಪಿಸುವ ಅಲೆಗಳನ್ನೂ, 18 ಕಳಿಸಿದರೆ ಅಡ್ಡಲಾಗಿ ಕಂಪಿಸುವುವನ್ನೂ ಆರಿಸಿಕೊಳ್ಳುತ್ತದೆ. ಇದನ್ನು ಅರಿತವನಿಗೆ ಅರ್ಧದಷ್ಟು ವಾಹಿನಿಗಳು ಬಂದು ಉಳಿದರ್ಧ ಬಾರದಿರುವುದು ಒಗಟಾಗಿ ಉಳಿಯುವುದಿಲ್ಲ: ಅಡಾಪ್ಟರು ಸೊರಗಿಯೋ ಸಂಧಿ ಸಡಿಲವಾಗಿಯೋ 18 ವೋಲ್ಟ್ ಮೇಲಕ್ಕೆ ತಲಪುತ್ತಿಲ್ಲ. ಎಲ್‌ಎನ್‌ಬಿಯ ಬಳಿ ಕೇಬಲ್ ಕಳಚಿ, ನಡುತಂತಿಗೂ ಹೊರಜಾಲಕ್ಕೂ ಮಲ್ಟಿಮೀಟರ್ ಹಿಡಿದು ವಾಹಿನಿ ಬದಲಾಯಿಸಿದರೆ ಸತ್ಯ ತಿಳಿಯುತ್ತದೆ. ಎಲ್‌ಎನ್‌ಬಿ ಪ್ರವಾಹ ಎಳೆಯದಿರುವಾಗ ಸಡಿಲ ಸಂಧಿಯೂ ಪೂರ್ಣ ವೋಲ್ಟ್ ತೋರಬಹುದಾದ್ದರಿಂದ, ಅಂಕಿ ಸರಿಯೆನಿಸಿದರೂ ಕನೆಕ್ಟರುಗಳನ್ನು ಕೈಯಿಂದ ಅಲುಗಿಸಿ ನೋಡಬೇಕು. ಕೇಬಲಿನೊಳಗೆ ನೀರು ಸೇರಿದ್ದರೂ ವಿದ್ಯುತ್ತು ಹರಿಯುತ್ತದೆ, ಸಂಕೇತ ಮಾತ್ರ ಹರಿಯದು. ಅಂಥ ಕೇಬಲಿನ ಹೊರಜಾಲ ಹೊಳಪು ಕಳೆದು ಕಪ್ಪಗಾಗಿರುತ್ತದೆ. ಅದನ್ನು ಒಣಗಿಸಿ ಬಳಸುವ ಆಸೆ ಬೇಡ, ಬದಲಾಯಿಸತಕ್ಕದ್ದು.

ಕನೆಕ್ಟರನ್ನು ಹಾಕುವಾಗ ಹೊರಜಾಲದ ಕೂದಲೆಳೆಯಷ್ಟು ತಂತಿಯೊಂದು ನಡುತಂತಿಯನ್ನು ಮುಟ್ಟಿದರೆ ಇಡೀ ಮಾರ್ಗ ಶಾರ್ಟ್ ಆಗಿ ಬಾಕ್ಸು ತನ್ನನ್ನು ರಕ್ಷಿಸಿಕೊಳ್ಳಲು ವಿದ್ಯುತ್ತನ್ನು ನಿಲ್ಲಿಸುತ್ತದೆ. ಕೇಬಲ್ಲನ್ನು ಕಿಟಕಿಯ ಗಾಜಿನ ಸಂದಿಯಲ್ಲಿಯೋ ಬಾಗಿಲಿನಡಿಯಲ್ಲಿಯೋ ತೂರಿಸಿ ಒಳಗೆ ತರುವುದು ಸಾಮಾನ್ಯ. ಹತ್ತು ಸಲ ಬಾಗಿಲು ಹಾಕುವಷ್ಟರಲ್ಲಿ ಅದು ಚಪ್ಪಟೆಯಾಗುತ್ತದೆ. ರಬ್ಬರಿನ ಬಳೆಯಿಟ್ಟ ರಂಧ್ರದ ಮೂಲಕ, ಹೊರಗೆ ಒಂದು ಗೇಣು ಕೆಳಬಾಗಿಸಿ ತಂದರೆ ಮಳೆಯ ನೀರು ಬಾಗಿನ ತುದಿಯಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಕೇಬಲಿನಲ್ಲಿ ಹರಿಯುವ ಸಂಕೇತ 950ರಿಂದ 2150 ಮೆಗಾಹರ್ಟ್ಸ್ ವ್ಯಾಪ್ತಿಯದು, ಮೊಬೈಲು ಬಳಸುವ ಹಲವು ಅಲೆಗಳೂ ಅದೇ ವ್ಯಾಪ್ತಿಯವು. ಸಡಿಲ ಕನೆಕ್ಟರಿನ ಬಳಿ ಮೊಬೈಲು ಇಟ್ಟು ಮಾತನಾಡಿದಾಗ ಒಂದೆರಡು ವಾಹಿನಿಗಳು ಮಾತ್ರ ಒಡೆಯುವುದರ ಗುಟ್ಟು ಇದು.

ಜಗಳೂರಿನ ಕಷ್ಟ ಬೇರೆ ಬಗೆಯದು. ಮಳೆ ಕಡಿಮೆ, ಮರ ವಿರಳ, ಆಕಾಶ ವಿಶಾಲ. ಸಂಕೇತಕ್ಕೆ ಇದಕ್ಕಿಂತ ಉತ್ತಮ ನೆಲೆ ಜಿಲ್ಲೆಯಲ್ಲಿಲ್ಲ. ಆದರೆ ಬಯಲಿನ ಗಾಳಿ ಡಿಶ್ಶನ್ನು ರಾತ್ರೋರಾತ್ರಿ ತಿರುಗಿಸುತ್ತದೆ. ಸರಿಯಾದ ದಿಕ್ಕು ಸಿಕ್ಕೊಡನೆ ಕಂಬಕ್ಕೂ ಹಿಡಿಕೆಗೂ ಕೂಡಿ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಬೆಳಿಗ್ಗೆ ಆ ಗೆರೆ ಮುರಿದಿರುವುದನ್ನು ನೋಡಿ ಕ್ಷಣದಲ್ಲಿ ಕಾರಣ ತಿಳಿಯಬಹುದು.

ದೋಷಶೋಧನೆಯ ಕ್ರಮದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕೆಂಬ ನಿಯಮಕ್ಕೆ ವಿನಾಯಿತಿಯಿಲ್ಲ. ಕೇಬಲ್ಲನ್ನೂ ಎಲ್‌ಎನ್‌ಬಿಯನ್ನೂ ಒಟ್ಟಿಗೆ ಬದಲಾಯಿಸಿದವನಿಗೆ ಚಿತ್ರ ಬಂದರೂ ವಿದ್ಯೆ ಬರುವುದಿಲ್ಲ. ಮೊದಲು ಪೆಟ್ಟಿಗೆಯ ಪರದೆಯ ಮೇಲಿನ ಬರಹವನ್ನು ಓದಬೇಕು: ಪೆಟ್ಟಿಗೆಯೇ ‘ಸಂಕೇತವಿಲ್ಲ’ ಎನ್ನುತ್ತಿದ್ದರೆ ಬಾಕ್ಸಿಗೂ ಪೆಟ್ಟಿಗೆಗೂ ನಡುವಿನ ತಂತಿಯನ್ನೋ ತಪ್ಪಾಗಿ ಆರಿಸಿದ ಒಳದಾರಿಯನ್ನೋ (ಇನ್‌ಪುಟ್) ನೋಡತಕ್ಕದ್ದು, ಬಾಕ್ಸಿನ ಬರಹ ಕಾಣುತ್ತಿದ್ದರೆ ಅಲ್ಲಿಯವರೆಗೆ ಎಲ್ಲವೂ ಸರಿಯಿದೆಯೆಂದು ಅರ್ಥ. ಗಡುವು ಮುಗಿದ ರೀಚಾರ್ಜನ್ನು ಡಿಶ್ಶಿನ ದೋಷವೆಂದು ತಿಳಿದು ಛಾವಣಿ ಹತ್ತುವ ಪ್ರಮೇಯ ಹೀಗೆ ತಪ್ಪುತ್ತದೆ. ಬಳಿಕ ವಿದ್ಯುತ್ತು, ಆಮೇಲೆ ಕನೆಕ್ಟರು, ಕೇಬಲ್, ಎಲ್‌ಎನ್‌ಬಿ. ಡಿಶ್ಶಿನ ದಿಕ್ಕು ಕಟ್ಟಕಡೆಗೆ. ವಾಹನ ಸ್ಥಳ ಬದಲಾಯಿಸಿದ ಸಂಜೆ ಮಾತ್ರ ಈ ಅನುಕ್ರಮ ತಲೆಕೆಳಗಾಗಿ, ಡಿಶ್ಶಿನ ದಿಕ್ಕೇ ಮೊದಲನೆಯದಾಗುತ್ತದೆ.

ಢಾಬಾದಲ್ಲಿಯೋ ಪೆಟ್ರೋಲ್ ಬಂಕಿನಲ್ಲಿಯೋ ಹೊರಗಿನ 230 ವೋಲ್ಟಿನ ಸಂಪರ್ಕ ಪಡೆಯುವವರು, ಆ ಪ್ಲಗ್ಗಿನಲ್ಲಿ ಅರ್ಥಿಂಗ್ ಇದೆಯೇ ಎಂದು ಪರೀಕ್ಷಿಸದೆ ಜೋಡಿಸಬಾರದು. ಅರ್ಥಿಂಗ್ ಇಲ್ಲದೆ ಸೋರಿದ ವಿದ್ಯುತ್ತು ವಾಹನದ ಇಡೀ ಮೈಯನ್ನು ಏರಿ, ಒದ್ದೆ ನೆಲದ ಮೇಲೆ ನಿಂತು ಬಾಗಿಲು ಹಿಡಿದವರ ಪ್ರಾಣವನ್ನು ತೆಗೆಯಬಲ್ಲದು. 30 ಮಿಲಿಆಂಪಿಯರಿನ ಸೋರಿಕೆಗೆ ತಾನಾಗಿ ಕಡಿದುಕೊಳ್ಳುವ ಸ್ವಿಚ್ಚು ವಾಹನದ ಪ್ರವೇಶದಲ್ಲಿಯೇ ಇರಲಿ. ಕಬ್ಬಿಣದ ಕಂಬಕ್ಕೆ ಡಿಶ್ ಕಟ್ಟಿ ಎತ್ತುವ ಮೊದಲು ತಲೆಯೆತ್ತಿ ನೋಡಿ, ಮೇಲೆ ಕರೆಂಟಿನ ತಂತಿ ಹಾದಿದ್ದರೆ ಅಲ್ಲಿ ನಿಲ್ಲಿಸಬೇಡಿ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮೋಡ ಕವಿದೊಡನೆ, ಗುಡುಗು ಕೇಳಿಸುವ ಮೊದಲೇ, ಬಾಕ್ಸಿನಿಂದ ಕೇಬಲ್ ಕಳಚಿ ವಾಹನದ ಹೊರಗೆ ಬಿಡಿ. ಮಿಂಚು ಶುರುವಾದ ಮೇಲೆ ಅದನ್ನು ಮುಟ್ಟಬೇಡಿ.